ಸೆನ್ಸರಿ ಪ್ಲೇ ಏರಿಯಾ ಬುಕ್ ಮಾಡುವ ಮುಂಚೆ ಒಮ್ಮೆ ಮಂಡಿಯೂರಿ ನೋಡಿ

ಬರ್ತ್‌ಡೇ ಪಾರ್ಟಿಗೆಂದು ಪುಟ್ಟ ಮಕ್ಕಳ ಸೆನ್ಸರಿ ಪ್ಲೇ ಏರಿಯಾ, ಅಂದರೆ ಇಂದ್ರಿಯಗಳಿಗೆ ಕೆಲಸ ಕೊಡುವ ಆಟದ ಜಾಗ, ನೋಡಲು ಹೋದವರು ರೇಟ್ ಕಾರ್ಡ್ ಕೇಳುವ ಮುಂಚೆ ಒಮ್ಮೆ ನೆಲಕ್ಕೆ ಮಂಡಿಯೂರಬೇಕು. ನಿಂತಾಗ ನಮ್ಮ ಕಣ್ಣು ಐದಡಿ ಎತ್ತರದಲ್ಲಿರುತ್ತದೆ, ಎರಡು ವರ್ಷದ ಮಗುವಿನ ಕಣ್ಣು ಸುಮಾರು ಎರಡೂವರೆ ಅಡಿಯಲ್ಲಿ. ಐದಡಿಯಿಂದ ಕಾಣುವುದು ಗೋಡೆಯ ಬಣ್ಣ, ಮೋಡದ ಆಕಾರದ ದೀಪ, ಫೋಟೋಗೆಂದು ಕಟ್ಟಿದ ಬಲೂನ್ ಕಮಾನು. ಎರಡೂವರೆ ಅಡಿಯಿಂದ ಕಾಣುವುದು ರೆಕ್ಸಿನ್ ಹರಿದು ಇಣುಕುವ ಫೋಮ್, ಮೆಟ್ಟಿಲ ಮೂಲೆಯಲ್ಲಿ ಸೇರಿಕೊಂಡ ಕೂದಲಿನ ಉಂಡೆ, ಅರ್ಧ ಹೊರಬಂದ ಸ್ಕ್ರೂ, ಮ್ಯಾಟ್‌ಗಳ ನಡುವಿನ ಸಂದು. ಮಗು ಎರಡು ಗಂಟೆ ಕಳೆಯುವುದು ಈ ಎತ್ತರದಲ್ಲಿ. ದುಡ್ಡು ಕೊಡುವವರು ಬಹುಪಾಲು ಮೇಲಿನ ಎತ್ತರದಿಂದಲೇ ನೋಡಿ ಅಡ್ವಾನ್ಸ್ ಕಟ್ಟಿ ಬರುತ್ತಾರೆ.

ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟ್, ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ, ಹೆಬ್ಬಾಳ, ಜಯನಗರ, ಎಲ್ಲ ಕಡೆಯೂ ಈಗ ಇಂಥ ಜಾಗಗಳಿವೆ. ಮನೆಯಿಂದ ಹೊರಟ ಮಗು ಟ್ರಾಫಿಕ್‌ನಲ್ಲಿ ಮುಕ್ಕಾಲು ಗಂಟೆ ಕೂತರೆ ಅಲ್ಲಿಗೆ ಮುಟ್ಟುವ ಹೊತ್ತಿಗೆ ನಿದ್ದೆಯೋ ಅಳುವೋ ಶುರುವಾಗಿರುತ್ತದೆ. ಹಾಗಾಗಿ ದೂರದ ಅತ್ಯುತ್ತಮ ಜಾಗಕ್ಕಿಂತ ಹತ್ತಿರದ ಒಳ್ಳೆಯ ಜಾಗ ಮೇಲು. ಹತ್ತಿರದ ಎರಡು ಮೂರು ಜಾಗಗಳಲ್ಲಿ ಯಾವುದು ಸರಿ ಎಂದು ತಿಳಿಯುವುದು ಹೇಗೆ ಎಂಬುದನ್ನು ಇಲ್ಲಿ ಬರೆದಿದ್ದೇವೆ.

ಸೆನ್ಸರಿ ಅಂದರೆ ಏನು ಅನ್ನುವುದು ಮೊದಲು ಸ್ಪಷ್ಟವಾಗಲಿ. ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮ ಎಲ್ಲರಿಗೂ ಗೊತ್ತು. ಚಿಕ್ಕ ಮಕ್ಕಳ ಆಟದಲ್ಲಿ ಅಷ್ಟೇ ಮುಖ್ಯವಾದ ಇನ್ನೆರಡು ಇವೆ. ಒಂದು ಒಳಕಿವಿಯ ಸಮತೋಲನದ ಅರಿವು. ಜೋಕಾಲಿ ಆಡುವಾಗ, ಉರುಳುವಾಗ, ತಲೆಕೆಳಗಾಗಿ ನೋಡುವಾಗ ಕೆಲಸ ಮಾಡುವುದು ಇದು. ಇನ್ನೊಂದು ಕೀಲು, ಸ್ನಾಯುಗಳಿಂದ ಬರುವ ಅರಿವು. ಭಾರ ತಳ್ಳುವಾಗ, ಹತ್ತುವಾಗ, ಹಿಟ್ಟು ನಾದುವಾಗ ಎಷ್ಟು ಬಲ ಹಾಕಬೇಕು ಎಂದು ಹೇಳಿಕೊಡುವುದು ಇದು. ಅಮೆರಿಕದ ಆಕ್ಯುಪೇಶನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ನೆರವಾಗುವ ಚಿಕಿತ್ಸಕರು) ಎ. ಜೀನ್ ಏರ್ಸ್ 1960, 70ರ ದಶಕಗಳಲ್ಲಿ ಈ ಎರಡಕ್ಕೆ ಒತ್ತು ಕೊಟ್ಟು ಕೆಲಸ ಮಾಡಿದರು. ಇವತ್ತಿನ ತೂಗು ಜೋಳಿಗೆ, ಹತ್ತುವ ಗೋಡೆ, ಭಾರದ ದಿಂಬುಗಳಿಗೆ ಅಲ್ಲಿಯ ನಂಟಿದೆ. ಬಣ್ಣ ಬದಲಿಸುವ ದೀಪ, ನೀರಿನ ಗುಳ್ಳೆ ಏಳುವ ಕೊಳವೆ, ಎಳೆ ಎಳೆಯಾಗಿ ಹೊಳೆಯುವ ಫೈಬರ್ ದೀಪಗಳ ಮೂಲ ಬೇರೆ. ನೆದರ್ಲೆಂಡ್ಸ್‌ನಲ್ಲಿ 1970ರ ದಶಕದಲ್ಲಿ, ತೀವ್ರ ಬೌದ್ಧಿಕ ಅಸಾಮರ್ಥ್ಯ ಇರುವವರಿಗಾಗಿ ಹುಟ್ಟಿದ ಸ್ನೂಜೆಲೆನ್ ಎಂಬ ಕೋಣೆ ಅದರ ಮೂಲ. ಅದು ಮಂದ ಬೆಳಕಿನ ಕೋಣೆ. ಒಳಗೆ ಒಬ್ಬರೋ ಇಬ್ಬರೋ ಇರುತ್ತಾರೆ, ಯಾರೂ ಅವಸರ ಮಾಡುವುದಿಲ್ಲ.

ಈ ಎರಡನ್ನೂ ಒಂದೇ ಹಾಲಿನಲ್ಲಿ ತುಂಬಿ, ಮೇಲೆ ಸ್ಪೀಕರ್ ಇಟ್ಟು, ಇಪ್ಪತ್ತೈದು ಮಕ್ಕಳನ್ನು ಬಿಟ್ಟರೆ ಎರಡರ ಉದ್ದೇಶವೂ ಕೆಡುತ್ತದೆ. ನಮ್ಮ ಅಳತೆ ಸರಳ: ಆ ಜಾಗದಲ್ಲಿರುವ ಹತ್ತು ವಸ್ತುಗಳನ್ನು ಎಣಿಸಿ. ಎಷ್ಟನ್ನು ಮಗು ತನ್ನ ಕೈಯಾರೆ ಬದಲಿಸಬಹುದು? ಸುರಿಯುವುದು, ತಳ್ಳುವುದು, ಜೋಡಿಸುವುದು, ಹಿಂಡುವುದು, ಬೀಳಿಸುವುದು ಲೆಕ್ಕಕ್ಕೆ ಬರುತ್ತವೆ. ಬಟನ್ ಒತ್ತಿದರೆ ಹಾಡುವ ಗೋಡೆ ಅರ್ಧ ಅಂಕ. ಸುಮ್ಮನೆ ಹೊಳೆಯುವ ದೀಪಕ್ಕೆ ಸೊನ್ನೆ. ಹತ್ತರಲ್ಲಿ ಆರು ಮಗುವಿನ ಕೈಗೆ ಕೆಲಸ ಕೊಟ್ಟರೆ ಅದು ಸೆನ್ಸರಿ ಜಾಗ, ಇಲ್ಲದಿದ್ದರೆ ದೀಪಾಲಂಕಾರ. ಲಾಲ್‌ಬಾಗಿನ ಬಂಡೆ ಹತ್ತಿ ಇಳಿದು, ಕೈಗೆ ಸಿಕ್ಕ ಕಡ್ಡಿಯಿಂದ ಮಣ್ಣು ಕೆದಕುವ ಮಗುವಿಗೆ ಈ ಲೆಕ್ಕದಲ್ಲಿ ಹತ್ತಕ್ಕೆ ಹತ್ತು ಸಿಗುತ್ತದೆ ಎಂಬುದೂ ನೆನಪಿರಲಿ.

ಇದು ಚಿಕಿತ್ಸೆ ಅಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಮಗು ಮಾತು ತಡ ಮಾಡುತ್ತಿದೆ, ಸದ್ದಿಗೆ ವಿಪರೀತ ಬೆದರುತ್ತದೆ, ಮುಟ್ಟಿಸಿಕೊಳ್ಳುವುದಿಲ್ಲ ಎನಿಸಿದರೆ ಆಟದ ಪ್ಯಾಕೇಜ್ ಕೊಳ್ಳಬೇಡಿ, ಮಕ್ಕಳ ವೈದ್ಯರನ್ನು ಕಾಣಿ. ಥೆರಪಿ ಎಂಬ ಪದ ಬೋರ್ಡಿನಲ್ಲಿದ್ದರೆ ಅಲ್ಲಿರುವ ಆಕ್ಯುಪೇಶನಲ್ ಥೆರಪಿಸ್ಟ್ ಯಾರು, ಅವರ ಓದು ಏನು, ವಾರದಲ್ಲಿ ಎಷ್ಟು ಹೊತ್ತು ಇರುತ್ತಾರೆ ಎಂದು ನೇರವಾಗಿ ಕೇಳಿ.

ತಟ್ಟೆಯಲ್ಲಿ ಏನಿದೆ

ಅತಿ ಹೆಚ್ಚು ಎಚ್ಚರ ಬೇಕಾದ ಜಾಗ ಇದು. ಎಲ್ಲ ಕಡೆಯೂ ಅಗಲವಾದ ತಟ್ಟೆ ಅಥವಾ ಟಬ್ಬುಗಳಲ್ಲಿ ಏನೋ ಒಂದನ್ನು ತುಂಬಿಟ್ಟಿರುತ್ತಾರೆ. ಮಕ್ಕಳು ಕೈ ಹಾಕಿ ಕಲಸುತ್ತಾರೆ, ಮೂರು ವರ್ಷದೊಳಗಿನವರು ಅದನ್ನು ಬಾಯಿಗೂ ಹಾಕುತ್ತಾರೆ. ಮೂರು ವರ್ಷದೊಳಗಿನವರ ಆಟಿಕೆಗಳ ಸುರಕ್ಷತಾ ಪರೀಕ್ಷೆಯಲ್ಲಿ 31.7 ಮಿಲಿಮೀಟರ್ ವ್ಯಾಸದ ಒಂದು ಕೊಳವೆ ಬಳಸುತ್ತಾರೆ. ಅದರೊಳಗೆ ಪೂರ್ತಿ ಇಳಿಯುವ ಯಾವ ಆಟಿಕೆಯೂ, ಅದರ ಬಿಡಿ ಭಾಗವೂ ಆ ವಯಸ್ಸಿಗೆ ಆಗದು, ಗಂಟಲಿಗೆ ಸಿಕ್ಕಿಕೊಳ್ಳಬಹುದು. ಇದರ ಪ್ರಕಾರ ನೋಡಿದರೆ ಬಟನ್, ಮಣಿ, ಗೋಲಿ, ಪಾಸ್ತಾ, ಕಡಲೆಕಾಳು ಯಾವುದೂ ಪುಟ್ಟವರ ತಟ್ಟೆಯಲ್ಲಿ ಇರಬಾರದು. ಮೂರು ದಾಟಿದವರ ತಟ್ಟೆಗೆ ಇರಬಹುದು, ಆದರೆ ಎರಡೂ ತಟ್ಟೆ ಒಂದೇ ಕೋಣೆಯಲ್ಲಿದ್ದರೆ ಪುಟ್ಟವರು ಹೋಗುವುದು ದೊಡ್ಡವರ ತಟ್ಟೆಗೇ.

ಯಾವ ವಯಸ್ಸಿಗೂ ಬೇಡವಾದದ್ದು ವಾಟರ್ ಬೀಡ್ಸ್, ಅಂದರೆ ನೀರಲ್ಲಿ ನೆನೆಸಿದರೆ ಉಬ್ಬಿ ಜೆಲ್ಲಿಯಂತಾಗುವ ಬಣ್ಣದ ಮಣಿಗಳು. ಒಣಗಿದ್ದಾಗ ಸಾಸಿವೆಯಷ್ಟು ಇರುವ ಮಣಿ ನೀರು ಹೀರಿ ನೂರಾರು ಪಟ್ಟು ಹಿಗ್ಗುತ್ತದೆ. ಮಗು ನುಂಗಿದರೆ ಕರುಳಿನೊಳಗೆ ಉಬ್ಬಿ ದಾರಿ ಕಟ್ಟುತ್ತದೆ. ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದೂ ಇಲ್ಲ, ಹಾಗಾಗಿ ವಾಂತಿ, ಹೊಟ್ಟೆನೋವಿಗೆ ಕಾರಣ ತಿಳಿಯಲು ತಡವಾಗುತ್ತದೆ. ಅಮೆರಿಕದಲ್ಲಿ ದೊಡ್ಡ ಮಳಿಗೆಗಳು 2023ರ ಕೊನೆಯಲ್ಲಿ ಮಕ್ಕಳಿಗೆಂದು ಇವುಗಳನ್ನು ಮಾರುವುದನ್ನೇ ನಿಲ್ಲಿಸಿದವು. ನಮ್ಮಲ್ಲಿ ಹೂಕುಂಡದ ಅಲಂಕಾರಕ್ಕೆಂದು ಸುಲಭವಾಗಿ ಸಿಗುತ್ತವೆ, ಆಟದ ಟಬ್ಬಿಗೂ ಬಂದು ಬೀಳುತ್ತವೆ. ಟಬ್ಬಿನಲ್ಲಿ ಇವು ಕಂಡರೆ ಉಳಿದದ್ದನ್ನು ನೋಡುವ ಅಗತ್ಯವೇ ಇಲ್ಲ, ಬೇರೆ ಜಾಗ ಹುಡುಕಿ.

ನಾಟಿ ವಸ್ತು, ನೈಸರ್ಗಿಕ ವಸ್ತು ಎಂದು ಹೇಳಿದರೆ ಸಾಲದು. ಗುಲಗಂಜಿ ನೋಡಲು ಬಲು ಚೆಂದ, ಅದರೊಳಗಿರುವುದು ಅಬ್ರಿನ್ ಎಂಬ ಘೋರ ವಿಷ. ಸಿಪ್ಪೆ ಒಡೆದ ಅಥವಾ ಜಗಿದ ಬೀಜ ಒಂದೇ ಆದರೂ ಅಪಾಯ. ಹರಳು ಬೀಜವೂ ಹಾಗೆಯೇ, ಅದರಲ್ಲಿ ರಿಸಿನ್ ಇದೆ. ಹಸಿ ರಾಜ್ಮಾ ನಾಲ್ಕಾರು ಕಾಳು ಜಗಿದರೂ ವಾಂತಿ ಭೇದಿ ಹಿಡಿಯುತ್ತದೆ. ಬೇಯಿಸಿದರೆ ಹೋಗುವ ಲೆಕ್ಟಿನ್ ಎಂಬ ವಿಷದ ಅಂಶ ಹಸಿಯಲ್ಲಿ ಪೂರ್ತಿ ಇರುತ್ತದೆ. ಇನ್ನು ಅವರೆ, ಬಟಾಣಿಯಂಥ ಯಾವುದೇ ಒಣ ಕಾಳು ಮೂಗಿಗೆ ಹೋದರೆ ಅಲ್ಲಿಯ ತೇವಕ್ಕೆ ಉಬ್ಬಿ ಗಟ್ಟಿಯಾಗಿ ಕೂರುತ್ತದೆ. ಆಗ ಪಿನ್ನು, ಚಿಮಟ ಹಾಕಿ ಕೆದಕಬಾರದು, ಇನ್ನಷ್ಟು ಒಳಗೆ ಹೋಗುತ್ತದೆ. ಇಎನ್‌ಟಿ ವೈದ್ಯರ ಹತ್ತಿರ ಹೋಗಬೇಕು. ಕಡಲೆಕಾಯಿ ಬೀಜಕ್ಕೆ ಅಲರ್ಜಿಯ ಕಾಟವೂ ಸೇರಿಕೊಳ್ಳುತ್ತದೆ.

ಹಾಗಾದರೆ ಏನಿರಬಹುದು? ಪುಟ್ಟವರಿಗೆ ರಾಗಿ, ಬೇಯಿಸಿ ಬಸಿದ ಸಬ್ಬಕ್ಕಿ, ಬೇಯಿಸಿ ಬಣ್ಣ ಬೆರೆಸಿದ ಶಾವಿಗೆ, ಕಾರ್ನ್‌ಫ್ಲೋರ್ ಮತ್ತು ನೀರು ಕಲಸಿದ ಹದ. ಕಾರ್ನ್‌ಫ್ಲೋರ್ ಎರಡು ಪಾಲಿಗೆ ನೀರು ಒಂದು ಪಾಲು ಹಾಕಿದರೆ ಹಿಡಿದಾಗ ಗಟ್ಟಿ, ಬಿಟ್ಟಾಗ ನೀರು. ನಾಲ್ಕು ವರ್ಷದವರೂ ಇಪ್ಪತ್ತು ನಿಮಿಷ ಬಿಡದೆ ಆಡುತ್ತಾರೆ. ಇವೆಲ್ಲ ಬಾಯಿಗೆ ಹೋದರೂ ದೊಡ್ಡ ಹಾನಿ ಇಲ್ಲ, ಆದರೆ ಬೇಯಿಸಿದ್ದು ಮತ್ತು ಕಲಸಿದ್ದು ಆಯಾ ದಿನದ್ದೇ ಆಗಿರಬೇಕು, ಸಂಜೆ ಚೆಲ್ಲಬೇಕು. ಒಣ ರಾಗಿಯಾದರೂ ವಾರಕ್ಕೊಮ್ಮೆ ಬದಲಾಗಲಿ. ನೂರು ಕೈಗಳ ಬೆವರು, ಜೊಲ್ಲು ಸೇರಿದ ರಾಗಿಗೆ ಹುಳ ಬೀಳಲು ಮಳೆಗಾಲದ ಬೆಂಗಳೂರಿನಲ್ಲಿ ಹೆಚ್ಚು ದಿನ ಬೇಡ. ಒಂದು ಹಿಡಿ ತೆಗೆದು ಮೂಸಿ ನೋಡಿ. ಮುಗ್ಗಲು ವಾಸನೆ ಮೂಗಿಗೆ ತಕ್ಷಣ ತಿಳಿಯುತ್ತದೆ.

ಹಸಿ ಮೈದಾ, ಗೋಧಿ ಹಿಟ್ಟನ್ನು ಹಾಗೇ ಸುರಿದಿಟ್ಟಿರುವುದು ಸರಿಯಲ್ಲ. ಹಸಿ ಹಿಟ್ಟಿನಲ್ಲಿ ಇ ಕೋಲಿ, ಸಾಲ್ಮೊನೆಲ್ಲಾ ಇರಬಹುದು. ಹುರಿದ ಹಿಟ್ಟಾದರೆ ವಾಸಿ, ಆದರೂ ಒಣ ಹಿಟ್ಟು ಹಾರಿ ಉಬ್ಬಸದ ಮಗುವಿಗೆ ತೊಂದರೆ ಕೊಡುತ್ತದೆ. ಆಟದ ಜೇಡಿಯಲ್ಲಿ, ಅಂದರೆ ಪ್ಲೇ ಡೋನಲ್ಲಿ, ಸಾಮಾನ್ಯವಾಗಿ ಗೋಧಿ ಇರುತ್ತದೆ, ಗ್ಲುಟೆನ್ ಆಗದ ಮಗುವಿನ ಮನೆಯವರು ಕೇಳಿಕೊಳ್ಳಬೇಕು. ಕೈನೆಟಿಕ್ ಸ್ಯಾಂಡ್ ಎಂದು ಮಾರುವ ಅಂಟು ಮರಳು ನಯವಾದ ಮರಳಿಗೆ ಸ್ವಲ್ಪ ಸಿಲಿಕೋನ್ ಎಣ್ಣೆ ಬೆರೆಸಿದ್ದು. ಧೂಳು ಏಳುವುದಿಲ್ಲ, ಒಳಾಂಗಣಕ್ಕೆ ಒಳ್ಳೆಯದು. ಆದರೆ ನೀರಲ್ಲಿ ತೊಳೆಯಲಾಗದು, ಕಪ್ಪಾದ ಮೇಲೆ ಚೆಲ್ಲುವುದೊಂದೇ ದಾರಿ. ಕಟ್ಟಡಕ್ಕೆ ಬಳಸುವ ಎಂ-ಸ್ಯಾಂಡ್ ತುಂಬಿದ್ದರೆ ಕೈಗೆ ಚುಚ್ಚುವ ಚೂಪಿನಿಂದಲೇ ಗೊತ್ತಾಗುತ್ತದೆ. ಅದರ ನುಣ್ಣನೆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಆಟಿಕೆಗಳ ಮೇಲೆ ಐಎಸ್‌ಐ ಗುರುತು ಇದೆಯೇ ನೋಡಿ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರುವ ಆಟಿಕೆಗಳಿಗೆ ಅದು ಕಡ್ಡಾಯ. ಬೆಳಕು ಬರುವ, ಹಾಡುವ ಆಟಿಕೆಯಾದರೆ ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇರಲೇಬೇಕು. ನಾಣ್ಯದಂಥ ಬಟನ್ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಸುಟ್ಟ ಗಾಯ ಮಾಡಬಲ್ಲದು. ಪಾರ್ಟಿ ಅಲಂಕಾರಕ್ಕೆ ಇಡುವ ಎಲ್‌ಇಡಿ ದೀಪದ ಬತ್ತಿಗಳಲ್ಲೂ ಇದೇ ಸೆಲ್ ಇರುತ್ತದೆ. ಅವುಗಳನ್ನು ಮೇಜಿನ ಮೇಲೆ, ಮಗುವಿನ ಕೈಗೆಟುಕುವಲ್ಲಿ ಇಡಲು ಬಿಡಬೇಡಿ.

ಬಾಲ್ ಪೂಲ್‌ನ ಲೆಕ್ಕ

ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ, 40 ಸೆಂಟಿಮೀಟರ್ ಆಳದ ಸಣ್ಣ ಪೂಲ್ ತೆಗೆದುಕೊಳ್ಳಿ. ಏಳು ಸೆಂಟಿಮೀಟರ್ ವ್ಯಾಸದ ಚೆಂಡುಗಳಾದರೆ ಅದನ್ನು ತುಂಬಲು ಸುಮಾರು 5,300 ಚೆಂಡು ಬೇಕು. ಐವತ್ತು ಚೆಂಡಿನ ಒಂದೊಂದು ಬಲೆ ಚೀಲ ಮಾಡಿ, ಅದ್ದಿ, ತೊಳೆದು, ಒಣಗಿಸಿದರೂ 106 ಚೀಲ. ಇಬ್ಬರಿಗೆ ಪೂರ್ತಿ ಒಂದು ದಿನದ ಕೆಲಸ. ವಾರಕ್ಕೊಮ್ಮೆ ತೊಳೆಯುತ್ತೇವೆ ಎಂದು ಹೇಳಿದವರಿಗೆ ಈ ಲೆಕ್ಕ ಇಟ್ಟುಕೊಂಡು ಕೇಳಿ: ಯಾವ ವಾರ, ಯಾರು, ಎಲ್ಲಿ ಒಣಗಿಸುತ್ತೀರಿ? ವಾರದಲ್ಲಿ ಒಂದು ದಿನ ರಜೆ ಇಡುವ ಜಾಗ, ಅಥವಾ ಚೆಂಡು ತೊಳೆಯುವ ಯಂತ್ರ ಇರುವ ಜಾಗ ನಂಬಿಕೆಗೆ ಅರ್ಹ. ಮೇಲಿನಿಂದ ಸ್ಯಾನಿಟೈಸರ್ ಸಿಂಪಡಿಸುತ್ತೇವೆ ಎಂದರೆ ಮೇಲಿನ ಒಂದು ಪದರ ಒದ್ದೆಯಾಗುತ್ತದೆ, ತಳದಲ್ಲಿ ಏನಿದೆಯೋ ಹಾಗೇ ಇರುತ್ತದೆ. ಅಮೆರಿಕದ ಜಾರ್ಜಿಯಾ ರಾಜ್ಯದ ಫಿಸಿಯೋಥೆರಪಿ ಕ್ಲಿನಿಕ್‌ಗಳ ಬಾಲ್ ಪಿಟ್‌ಗಳನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹತ್ತಾರು ಬಗೆಯ ಬ್ಯಾಕ್ಟೀರಿಯಾ ಸಿಕ್ಕಿದ್ದವು. ಕ್ಲಿನಿಕ್‌ಗಳ ಪಾಡೇ ಹಾಗಿದ್ದರೆ ಆಟದ ಜಾಗದ್ದನ್ನು ಊಹಿಸಬಹುದು.

ಪರೀಕ್ಷಿಸುವುದು ಸುಲಭ. ಮೊಣಕೈವರೆಗೆ ತೋಳು ಇಳಿಸಿ, ತಳದಿಂದ ಒಂದು ಚೆಂಡು ಎತ್ತಿ, ಬಿಳಿ ಟಿಶ್ಯೂವಿನಿಂದ ಒರೆಸಿ. ಟಿಶ್ಯೂ ಬೂದುಬಣ್ಣವಾದರೆ ಉತ್ತರ ಸಿಕ್ಕಿತು. ತಳದಲ್ಲಿ ಕ್ಲಿಪ್ಪು, ಬಿಸ್ಕತ್ತಿನ ಚೂರು, ಹಳೇ ಕಾಲ್ಚೀಲ ಸಿಗುವುದೂ ಉಂಟು.

ಮಕ್ಕಳು ಸೇರುವ ಕಡೆ ಹೆಚ್ಚು ಹರಡುವುದು ಕೈ-ಕಾಲು-ಬಾಯಿ ರೋಗ ಮತ್ತು ವಾಂತಿ-ಭೇದಿಯ ವೈರಸ್‌ಗಳು. ಇವುಗಳ ಮೈಮೇಲೆ ಕೊಬ್ಬಿನ ಹೊದಿಕೆ ಇಲ್ಲ, ಹಾಗಾಗಿ ಆಲ್ಕೋಹಾಲ್ ಸ್ಯಾನಿಟೈಸರ್‌ಗೆ ಸುಲಭದಲ್ಲಿ ಬಗ್ಗುವುದಿಲ್ಲ. ಬಾಗಿಲಲ್ಲಿ ಸ್ಯಾನಿಟೈಸರ್ ಬಾಟಲಿ ಇಟ್ಟು ಕೈ ತೊಳೆದುಕೊಂಡರು ಎಂದುಕೊಂಡರೆ ಪ್ರಯೋಜನವಿಲ್ಲ. ಒಳಗೆ ಹೋಗುವಾಗ, ಹೊರಬರುವಾಗ ಸೋಪು, ಹರಿಯುವ ನೀರು ಬೇಕು, ಮಕ್ಕಳ ಎತ್ತರದ ಬೇಸಿನ್ ಬೇಕು. ಯಾವುದಾದರೂ ಮಗು ವಾಂತಿ ಮಾಡಿದರೆ ಮೊದಲು ಅದನ್ನು ಪೂರ್ತಿ ತೆಗೆದು, ಆಮೇಲೆ ಬ್ಲೀಚ್ ನೀರಿನಿಂದ ಒರೆಸಬೇಕು. ಸುಮಾರು 5% ಸೋಡಿಯಂ ಹೈಪೋಕ್ಲೋರೈಟ್ ಇರುವ ದ್ರಾವಣವಾದರೆ ಒಂದು ಲೀಟರ್ ನೀರಿಗೆ 20 ಮಿಲಿಲೀಟರ್, ಹತ್ತು ನಿಮಿಷ ಹಾಗೇ ಬಿಟ್ಟು ಬಳಿಕ ನೀರಿನಿಂದ ಒರೆಸುವುದು. ಕಲಸಿದ ನೀರು ಆ ದಿನಕ್ಕೆ ಮಾತ್ರ, ಮರುದಿನಕ್ಕೆ ಶಕ್ತಿ ಕುಂದಿರುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಜತೆ ಇದು ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. ಅಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರನ್ನೇ ಕೇಳಿ, ಮಾಲೀಕರನ್ನಲ್ಲ: ಮಗು ವಾಂತಿ ಮಾಡಿದರೆ ಏನು ಮಾಡುತ್ತೀರಿ? ಥಟ್ಟನೆ ಹೇಳಿದರೆ ಅಲ್ಲಿ ಕಲಿಸಿದ್ದಾರೆ ಎಂದರ್ಥ.

ನೀರಾಟ ಇದ್ದರೆ ನೀರು ಎಲ್ಲಿಂದ ಬರುತ್ತದೆ, ಎಷ್ಟು ಹೊತ್ತಿಗೆ ಬದಲಾಯಿಸುತ್ತಾರೆ ಎಂದು ತಿಳಿಯಿರಿ. ಬೇಸಿಗೆಯಲ್ಲಿ ಟ್ಯಾಂಕರ್ ಲೆಕ್ಕದಲ್ಲಿ ನೀರು ಕೊಳ್ಳುವ ಕಟ್ಟಡದಲ್ಲಿ ಒಂದೇ ಟಬ್ಬಿನ ನೀರು ಬೆಳಗಿಂದ ಸಂಜೆವರೆಗೆ ಇರುವ ಸಾಧ್ಯತೆ ಹೆಚ್ಚು. ಒಂದೊಂದು ಬ್ಯಾಚಿಗೂ ಹೊಸ ನೀರು ಆಗಲೇಬೇಕು. ಗುಳ್ಳೆ ಕೊಳವೆಯ ನೀರು ಹಸಿರಾಗಿದ್ದರೆ, ಅಥವಾ ಒಳಗೋಡೆಗೆ ಬೋರ್‌ವೆಲ್ ನೀರಿನ ಬಿಳಿ ಪೊರೆ ಕಟ್ಟಿದ್ದರೆ ಉಳಿದ ಸ್ವಚ್ಛತೆಯೂ ಅಷ್ಟೇ.

ನೆಲ, ಸಂದು, ಎತ್ತರ

ಬಲೆ, ಕಂಬಿ, ಮರದ ಪಟ್ಟಿಗಳ ನಡುವಿನ ಸಂದು ಅಳೆಯಲು ಟೇಪ್ ಬೇಡ, ಕೈ ಸಾಕು. ಆಟದ ಸಲಕರಣೆಗಳ ಯೂರೋಪಿನ ಸುರಕ್ಷತಾ ಮಾನದಂಡದ ಲೆಕ್ಕದಲ್ಲಿ 89 ಮಿಲಿಮೀಟರ್‌ಗಿಂತ ದೊಡ್ಡದಾಗಿ 230 ಮಿಲಿಮೀಟರ್‌ಗಿಂತ ಚಿಕ್ಕದಾದ ಸಂದು ಅಪಾಯ. ಮಗುವಿನ ಮೈ ನುಸುಳುತ್ತದೆ, ತಲೆ ಸಿಕ್ಕಿಕೊಳ್ಳುತ್ತದೆ, ಕಾಲು ನೆಲಕ್ಕೆ ಸಿಗದೆ ನೇತಾಡುತ್ತದೆ. ನಮ್ಮ ಕೈಯಳತೆಯಲ್ಲಿ ಹೇಳುವುದಾದರೆ ನಾಲ್ಕು ಬೆರಳಿಗಿಂತ ದೊಡ್ಡದು, ಒಂದು ಗೇಣಿಗಿಂತ ಚಿಕ್ಕದು. ಜಾರುಬಂಡೆಯ ನೆತ್ತಿಯಲ್ಲಿ, ಎರಡು ಫೋಮ್ ದಿಮ್ಮಿಗಳು ಸೇರುವಲ್ಲಿ, ಬಲೆ ಕಿತ್ತು ಸಡಿಲವಾದಲ್ಲಿ ಇಂಥ ಸಂದು ಹುಡುಕಿ.

ಅದೇ ಜಾರುಬಂಡೆಯ ನೆತ್ತಿಯಲ್ಲಿ ಕತ್ತಿನ ದಾರಗಳೂ ಸಿಕ್ಕಿಕೊಳ್ಳುತ್ತವೆ. ತಾಯತದ ದಾರ, ಕತ್ತಿನ ಸರ, ಟೋಪಿ ಅಂಗಿಯ ಲಾಡಿ ಬಿಚ್ಚಿ ಮನೆಯಲ್ಲೇ ಇಟ್ಟು ಬನ್ನಿ. ಬಲೆಯ ಕಣ್ಣಿಗೆ ಗೆಜ್ಜೆ ತಗುಲಿದರೆ ಮಗುವಿನ ಕಾಲು ತಿರುಚುತ್ತದೆ. ಬರ್ತ್‌ಡೇ ದಿನ ಜರಿ ಲಂಗ ಹಾಕಿ ಫೋಟೋ ತೆಗೆಸಿ, ಆಮೇಲೆ ಹತ್ತಿಯ ಪ್ಯಾಂಟಿಗೆ ಬದಲಿಸಿ ಆಟಕ್ಕೆ ಬಿಡಿ.

ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಜಾರಬೇಡಿ. ಜೋಪಾನ ಮಾಡಿದೆವು ಎನಿಸುತ್ತದೆ, ಆದರೆ ಆಗುವುದು ಉಲ್ಟಾ. ಮಗುವಿನ ಪಾದ ಪಕ್ಕದ ಅಂಚಿಗೆ ತಾಗಿ ನಿಂತುಬಿಡುತ್ತದೆ, ಹಿಂದಿನಿಂದ ದೊಡ್ಡವರ ಪೂರ್ತಿ ಭಾರ ತಳ್ಳುತ್ತದೆ, ಮೊಣಕಾಲ ಕೆಳಗಿನ ಎಲುಬು ಮುರಿಯುತ್ತದೆ. ಒಬ್ಬನೇ ಜಾರಲಾಗದ ಮಗುವಿಗೆ ಆ ಜಾರುಬಂಡೆ ಇನ್ನೂ ದೊಡ್ಡದು.

ಟ್ರ್ಯಾಂಪೊಲಿನ್ ಬಗ್ಗೆ ನಮ್ಮ ನಿಲುವು ಕಟ್ಟುನಿಟ್ಟು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಆರು ವರ್ಷದೊಳಗಿನವರಿಗೆ ಅದು ಬೇಡವೇ ಬೇಡ ಎನ್ನುತ್ತದೆ. ಪೆಟ್ಟು ಹೆಚ್ಚಾಗಿ ಆಗುವುದು ಇಬ್ಬರು ಮೂವರು ಒಟ್ಟಿಗೆ ಕುಣಿದಾಗ, ಅದರಲ್ಲೂ ಅತಿ ಹಗುರವಾದ ಮಗುವಿಗೆ. ದೊಡ್ಡ ಮಗು ಇಳಿಯುವ ಹೊತ್ತಿಗೆ ಟ್ರ್ಯಾಂಪೊಲಿನ್‌ನ ಬಿಗಿದ ಬಟ್ಟೆ ಮೇಲಕ್ಕೆ ಚಿಮ್ಮಿ, ಇಳಿಯುತ್ತಿರುವ ಚಿಕ್ಕ ಮಗುವಿನ ಕಾಲಿಗೆ ಬಡಿಯುತ್ತದೆ. ಪಾರ್ಟಿ ಪ್ಯಾಕೇಜಿನಲ್ಲಿ ಅದು ಸೇರಿದ್ದರೆ ಆ ಭಾಗ ಮುಚ್ಚಿಸಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಮಗು ನಿಲ್ಲಬಹುದಾದ ಜಾಗ 60 ಸೆಂಟಿಮೀಟರ್‌ಗಿಂತ ಎತ್ತರವಿದ್ದರೆ ಕೆಳಗೆ ಪೆಟ್ಟು ತಡೆಯುವ ನಿಜವಾದ ಮೆತ್ತೆ ಇರಬೇಕು. ಟೈಲ್ಸ್ ಮೇಲೆ ಹಾಸಿದ ಹುಲ್ಲಿನ ಬಣ್ಣದ ಕಾರ್ಪೆಟ್ ಮೆತ್ತೆಯಲ್ಲ. ಮೊಣಕಾಲು ಊರಿ ಭಾರ ಹಾಕಿ, ಗಟ್ಟಿ ನೆಲ ತಾಗಿದರೆ ಅದು ಸತ್ತ ಫೋಮ್. ಕೊಕ್ಕೆಯಂತೆ ಜೋಡಿಸುವ ಮ್ಯಾಟ್‌ಗಳ ಹಲ್ಲು ಕಿತ್ತು ಹೋಗಿದ್ದರೆ ಆ ಸಂದಿಗೆ ಕಾಲ್ಬೆರಳು ಸಿಕ್ಕಿ ಎಡವುತ್ತಾರೆ. ಒಂದು ಮ್ಯಾಟ್ ಎತ್ತಿ ಅಡಿ ನೋಡಿ. ಮಳೆಗಾಲದಲ್ಲಿ ಒದ್ದೆಯಾದ ಫೋಮ್ ಒಣಗುವುದಿಲ್ಲ, ಕಪ್ಪು ಬೂಸ್ಟು ಹಿಡಿಯುತ್ತದೆ.

ತೆವಳುವ ಕೂಸುಗಳಿಗೆ ಬೇರೆ ಅಂಗಳ, ತಗ್ಗು ಗೋಡೆ, ಚಿಲಕವಿರುವ ಗೇಟು ಬೇಕು. ಐದು ವರ್ಷದ ಮಗು ಓಡುವಾಗ ಕೆಳಗೆ ನೋಡುವುದಿಲ್ಲ. ಹೊರಬಾಗಿಲಿಗೆ ಎರಡು ಗೇಟು ಇದ್ದು, ಒಂದು ಮುಚ್ಚಿದ ಮೇಲೆ ಇನ್ನೊಂದು ತೆರೆಯುವಂತಿದ್ದರೆ ಯಾವ ಮಗುವೂ ಒಂಟಿಯಾಗಿ ಲಿಫ್ಟಿನತ್ತ ಹೋಗಲಾರದು.

ಬೆಂಕಿ, ಸದ್ದು

ಒಳಾಂಗಣ ಆಟದ ಜಾಗದ ತುಂಬ ಫೋಮ್. ಪಾಲಿಯುರೆಥೇನ್ ಫೋಮ್ ಹೊತ್ತಿದರೆ ನಿಮಿಷಗಳಲ್ಲಿ ದಟ್ಟ ವಿಷದ ಹೊಗೆ ತುಂಬುತ್ತದೆ. 2024ರ ಮೇ 25ರಂದು ಗುಜರಾತಿನ ರಾಜಕೋಟ್‌ನ ಗೇಮ್ ಜೋನ್ ಒಂದರಲ್ಲಿ ಬೆಂಕಿ ಬಿದ್ದು ಮಕ್ಕಳೂ ಸೇರಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಅಗ್ನಿಶಾಮಕ ಇಲಾಖೆಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಇರಲಿಲ್ಲ. ನಮ್ಮ ಊರಿನಲ್ಲಿ ಟೆರೇಸಿನ ಮೇಲೆ ಶೀಟು ಹೊದಿಸಿದ ಹಾಲುಗಳೂ, ಪಾರ್ಕಿಂಗ್ ಆಗಬೇಕಿದ್ದ ನೆಲಮಾಳಿಗೆಗಳೂ ಆಟದ ಜಾಗಗಳಾಗುತ್ತಿವೆ. ನೆಲಮಾಳಿಗೆ ಬೇಡ ಎಂಬುದು ನಮ್ಮ ಖಚಿತ ಮಾತು. ಮೇಲಿನ ಮಹಡಿಯಾದರೆ ಲಿಫ್ಟ್ ಬಿಟ್ಟು ಮೆಟ್ಟಿಲಿನಿಂದ ಇಳಿದು ನೋಡಿ. ಎರಡನೇ ಮೆಟ್ಟಿಲು ಇದೆಯೇ, ಅದರ ಬಾಗಿಲಿಗೆ ಬೀಗ ಜಡಿದಿದ್ದಾರೆಯೇ, ಮೆಟ್ಟಿಲ ಮೇಲೆ ಹಳೇ ಕುರ್ಚಿ, ರಟ್ಟಿನ ಡಬ್ಬ ಪೇರಿಸಿದ್ದಾರೆಯೇ? ಅಗ್ನಿಶಾಮಕ ಸಿಲಿಂಡರಿನ ಮುಳ್ಳು ಹಸಿರಿನಲ್ಲಿರಬೇಕು, ಚೀಟಿಯ ಮೇಲೆ ರೀಫಿಲ್ ದಿನಾಂಕ ಇರಬೇಕು. ಟ್ರೇಡ್ ಲೈಸೆನ್ಸ್ ಗೋಡೆಯ ಮೇಲೆ ಕಾಣದಿದ್ದರೆ ತೋರಿಸಲು ಕೇಳಿ. ತಪ್ಪಿಲ್ಲದವರು ಬೇಸರಿಸಿಕೊಳ್ಳುವುದಿಲ್ಲ.

ಸದ್ದು ಅಳೆಯಲು ಒಂದು ತೋಳಿನಷ್ಟು ದೂರ ನಿಂತು ಮಾಮೂಲಿ ದನಿಯಲ್ಲಿ ಮಾತಾಡಿ. ಕೂಗಬೇಕಾದರೆ ಅದು ಪುಟ್ಟ ಕಿವಿಗಳಿಗೆ ಎರಡು ಗಂಟೆ ತಡೆಯುವ ಸದ್ದಲ್ಲ. ಗಾಜು, ಟೈಲ್ಸ್, ಬರೀ ಕಾಂಕ್ರೀಟ್ ಸೂರು ಇದ್ದಲ್ಲಿ ಮಕ್ಕಳ ಕಿರುಚಾಟವೇ ಮಾರ್ದನಿಸಿ ಹೆಚ್ಚುತ್ತದೆ, ಮೇಲೆ ಸ್ಪೀಕರ್ ಬೇಕಿಲ್ಲ. ಮಿಣುಕುವ ಸ್ಟ್ರೋಬ್ ದೀಪ ಇರಲೇಬಾರದು, ಬೆಳಕಿಗೆ ಫಿಟ್ಸ್ ಬರುವ ಮಕ್ಕಳಿಗೆ ಅದು ಅಪಾಯ. ಬಾಗಿಲು ಹಾಕಿಕೊಳ್ಳಬಹುದಾದ, ಹಾಡು ಕೇಳಿಸದ ಒಂದು ಸಣ್ಣ ಕೋಣೆ ಇದೆಯೇ ನೋಡಿ. ಆಟಿಸಂ ಇರುವ ಮಗುವಿಗೆ ಅದು ಅತ್ಯಗತ್ಯ, ಹಾಲು ಕುಡಿಸುವ ತಾಯಂದಿರಿಗೂ ಬೇಕು. ಅದನ್ನು ಗೋಡೌನ್ ಮಾಡಿಕೊಂಡಿದ್ದರೆ ಇದ್ದೂ ಇಲ್ಲದಂತೆ.

ಇದೆಲ್ಲ ನೋಡಲು ಸರಿಯಾದ ಹೊತ್ತು ಭಾನುವಾರ ಸಂಜೆ ಐದರಿಂದ ಆರು. ಮಂಗಳವಾರ ಬೆಳಿಗ್ಗೆ ಎಲ್ಲ ಜಾಗವೂ ಚೆನ್ನಾಗಿರುತ್ತದೆ. ಮಗುವನ್ನೂ ಕರೆದುಕೊಂಡು, ಒಂದು ಗಂಟೆಯ ಟಿಕೆಟ್ ಕೊಂಡು ಆಡಿಸಿ. ಸಿಬ್ಬಂದಿ ಮೊಬೈಲ್ ನೋಡುತ್ತಿದ್ದಾರೆಯೇ, ಮಕ್ಕಳನ್ನೇ? ಟಾಯ್ಲೆಟ್ ಹೇಗಿದೆ? ಕರೆಂಟ್ ಹೋದರೆ ಎಷ್ಟು ಸೆಕೆಂಡಿಗೆ ಜನರೇಟರ್ ಬರುತ್ತದೆ, ಅಲ್ಲಿಯವರೆಗೆ ತುರ್ತು ದೀಪ ಇದೆಯೇ?

ಪಾರ್ಟಿಯ ದಿನ

ನಾಲ್ಕು ವರ್ಷದೊಳಗಿನವರ ಪಾರ್ಟಿಗೆ ಒಂದೂವರೆ ಗಂಟೆ ಸಾಕು. ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡು ಒಳ್ಳೆಯ ಹೊತ್ತು, ಮಧ್ಯಾಹ್ನದ ನಿದ್ದೆಗೆ ಅಡ್ಡಿಯಿಲ್ಲ. ಮೊದಲು ಆಟ, ಆಮೇಲೆ ಕೇಕು, ಕೊನೆಗೆ ಊಟ. ಹೊಟ್ಟೆ ತುಂಬಿಸಿ ಜೋಕಾಲಿಗೆ ಕೂರಿಸಿದರೆ ಮೇಲೆ ಹೇಳಿದ ಬ್ಲೀಚ್ ನೀರು ಕಲಸಬೇಕಾಗುತ್ತದೆ. ಮೂರು ವರ್ಷದೊಳಗೆ ಮೂರು ಮಕ್ಕಳಿಗೆ ಒಬ್ಬ ದೊಡ್ಡವರು, ಅದರ ಮೇಲೆ ಆರೇಳು ಮಕ್ಕಳಿಗೆ ಒಬ್ಬರು ಬರೀ ನೋಡಿಕೊಳ್ಳಲೆಂದೇ ಇರಲಿ. ಬಂದ ಚಿಕ್ಕಪ್ಪ, ಅತ್ತೆಯರನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಎಲ್ಲರೂ ನೋಡಿಕೊಳ್ಳುತ್ತಾರೆ ಎಂದಾಗ ಯಾರೂ ನೋಡಿಕೊಳ್ಳುವುದಿಲ್ಲ. ಇಂಥವರು ಇಂಥ ಮೂಲೆ ಎಂದು ಹೆಸರಿಟ್ಟು ಹೇಳಿ.

ಊಟಕ್ಕೆ ಮಿನಿ ಇಡ್ಲಿ, ಮೊಸರನ್ನ, ಶಾವಿಗೆ ಬಾತು, ಏಲಕ್ಕಿ ಬಾಳೆಹಣ್ಣು. ಕಡಲೆಬೀಜ ಹಾಕಿದ ಚಿತ್ರಾನ್ನ ಪುಟ್ಟವರ ತಟ್ಟೆಗೆ ಬೇಡ. ಚಕ್ಕುಲಿ, ನಿಪ್ಪಟ್ಟು, ಗಟ್ಟಿ ಚಾಕಲೇಟು, ಪಾಪ್‌ಕಾರ್ನ್ ನಾಲ್ಕು ವರ್ಷದೊಳಗಿನವರಿಗೆ ಬೇಡ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ. ಅಡ್ಡ ಕೊಯ್ದ ದುಂಡು ಬಿಲ್ಲೆ ಗಂಟಲಿಗೆ ಸರಿಯಾಗಿ ಕೂರುತ್ತದೆ. ಒಂದು ವರ್ಷದೊಳಗಿನ ಕೂಸಿಗೆ ಜೇನು ಒಂದು ಹನಿಯೂ ಬೇಡ. ಅಲ್ಲಿಯದೇ ಅಡುಗೆಮನೆಯಾದರೆ ಹದಿನಾಲ್ಕು ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆ ಬಿಲ್ಲಿನಲ್ಲಿ ಇರಬೇಕು.

ಅಲಂಕಾರದವರ ಜತೆ ಮೂರು ಮಾತು ಮುಂಚೆಯೇ ಆಡಿ. ತೇಲುವ ಬಲೂನಿಗೆ ಹೀಲಿಯಂ ಮಾತ್ರ. ಕಡಿಮೆ ಬೆಲೆಗೆ ಬರುವುದು ಹೈಡ್ರೋಜನ್, ಕೇಕಿನ ಮೇಣದಬತ್ತಿ ಹತ್ತಿರ ಬಂದರೆ ಭಗ್ಗೆಂದು ಹೊತ್ತುತ್ತದೆ. ಸ್ನೋ ಸ್ಪ್ರೇ ತರಿಸಲೇಬೇಡಿ, ಅದರ ಅನಿಲವೂ ಉರಿಯುವಂಥದ್ದು, ದೀಪ ಆರಿಸುವ ಹೊತ್ತಿಗೇ ಜನ ಅದನ್ನು ಮಗುವಿನ ಮುಖದತ್ತ ಸಿಂಪಡಿಸುವುದು. ಒಡೆದ ಬಲೂನಿನ ಚೂರುಗಳನ್ನು ತಕ್ಷಣ ಆರಿಸಬೇಕು. ಗಂಟಲಿಗೆ ಅಂಟಿದ ರಬ್ಬರ್ ಚೂರು ಬೆನ್ನು ತಟ್ಟಿದರೂ ಸುಲಭಕ್ಕೆ ಬರುವುದಿಲ್ಲ. ಎಂಟು ವರ್ಷದೊಳಗಿನವರ ಕೈಗೆ ಊದದ ಬಲೂನ್ ಕೊಡಬಾರದು, ರಿಟರ್ನ್ ಗಿಫ್ಟಿನಲ್ಲಂತೂ ಹಾಕಲೇಬಾರದು.

ದುಡ್ಡಿನ ವಿಷಯದಲ್ಲಿ ಜಗಳ ಬರುವುದು ಸಣ್ಣ ಅಕ್ಷರಗಳಿಂದ. ಎರಡು ಗಂಟೆಯ ಸ್ಲಾಟ್ ಎಂದಾಗ ಅಲಂಕಾರ ಕಟ್ಟುವ, ಬಿಚ್ಚುವ ಹೊತ್ತೂ ಅದರಲ್ಲೇ ಸೇರಿದ್ದರೆ ಮಕ್ಕಳಿಗೆ ಸಿಗುವುದು ಒಂದು ಗಂಟೆ. ಅದೇ ಹೊತ್ತಿಗೆ ಹೊರಗಿನ ಟಿಕೆಟ್ ಮಕ್ಕಳನ್ನೂ ಬಿಡುತ್ತಾರೆಯೇ, ಒಟ್ಟು ಎಷ್ಟು ಮಕ್ಕಳು? ಒಂದು ಮಗುವಿನ ಜತೆ ಎಷ್ಟು ದೊಡ್ಡವರಿಗೆ ಪ್ರವೇಶ? ಅಜ್ಜಿ ತಾತನಿಗೆ ಬೇರೆ ಚಾರ್ಜ್ ಇದೆಯೇ, ಅವರು ಕೂರಲು ಬೆನ್ನಿರುವ ಕುರ್ಚಿ ಇದೆಯೇ? ಗ್ರಿಪ್ ಕಾಲ್ಚೀಲ ಅಲ್ಲೇ ಕೊಳ್ಳಬೇಕೇ, ಮನೆಯದು ಆಗುತ್ತದೆಯೇ? ಹೊರಗಿನ ಕೇಕು ತರಬಹುದೇ? ಜಿಎಸ್‌ಟಿ ಸೇರಿಸಿ ಹೇಳಿದ ಮೊತ್ತವೇ? ಬಾಗಿಲಲ್ಲಿ ಸಹಿ ಹಾಕಿಸಿಕೊಳ್ಳುವ ಫಾರ್ಮಿನಲ್ಲಿ ಏನಾದರೂ ನಾವು ಹೊಣೆಯಲ್ಲ ಎಂದು ಬರೆದಿರುತ್ತದೆ. ಅದಕ್ಕೆ ಸಹಿ ಹಾಕಿದ ಮಾತ್ರಕ್ಕೆ, ಅವರ ನಿರ್ಲಕ್ಷ್ಯದಿಂದ ಪೆಟ್ಟಾದಾಗ ಗ್ರಾಹಕರ ಆಯೋಗಕ್ಕೆ ಹೋಗುವ ದಾರಿ ಮುಚ್ಚುವುದಿಲ್ಲ. ಆದರೂ ಪೂರ್ತಿ ಓದಿ, ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಇನ್ನೊಂದು ಷರತ್ತನ್ನು ಅಡ್ವಾನ್ಸ್ ಕಟ್ಟುವ ಮುಂಚೆಯೇ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ: ಮಗುವಿಗೆ ಜ್ವರ ಬಂದರೆ, ಮೈಮೇಲೆ ಗುಳ್ಳೆ ಎದ್ದರೆ ಹಿಂದಿನ ದಿನ ಹೇಳಿದರೂ ದುಡ್ಡು ಕಳೆಯದೆ ದಿನ ಬದಲಿಸಿಕೊಡಬೇಕು. ಈ ಮಾತಿಗೆ ಒಪ್ಪದ ಜಾಗದಲ್ಲಿ ಅಡ್ವಾನ್ಸ್ ಹೋಗುತ್ತದೆಂಬ ಭಯಕ್ಕೆ ಜನ ಕಾಯಿಲೆಯ ಮಗುವನ್ನೇ ಪ್ಯಾರಸಿಟಮಾಲ್ ಕುಡಿಸಿ ಕರೆತರುತ್ತಾರೆ. ನಿಮ್ಮ ಹಿಂದಿನ ಸ್ಲಾಟಿನವರೂ ಹಾಗೆ ಬಂದು ಹೋಗಿರಬಹುದು, ಅದೇ ಚೆಂಡುಗಳಲ್ಲಿ ಆಡಿರಬಹುದು.